ಐದು ವರ್ಷದ ಹಾಜರಿ

ಬಾಯೋರ ಬಲಗೈ ತೋರುಬೆರಳಿನ ತುದಿ ಸದಾ ಕೆಂಪಾಗಿರುತ್ತಿತ್ತು. ಮೆಹಂದಿಯಲ್ಲ, ಶಾಯಿ. ಹುಮನಾಬಾದಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಕ್ಲಾರ್ಕು. ಪಾಠ ಹೇಳದಿದ್ದರೂ ಎಲ್ಲರಿಗೂ ಬಾಯೋರೇ. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು. ಶಿಕ್ಷಕರು ಹಾಜರಿ ಕರೆದರೆ ಅವರಿಗೆ ಸಾಲದು. ಒಂದೊಂದು ತರಗತಿಯ ಬಾಗಿಲಲ್ಲೂ ನಿಂತು ಆ ಬೆರಳಿನಿಂದ ತಲೆ ಎಣಿಸಬೇಕು. ಬಾರದವಳ ಹೆಸರಿನ ಮುಂದೆ ಕೆಂಪು ಗುರುತು ಬಿತ್ತೆಂದರೆ ಬಿತ್ತು, ಶಾಸಕರ ಮಗಳಾದರೂ ಅದು ಅಳಿಯುವುದಿಲ್ಲ. ನಾವು ಅವರನ್ನು ಹಿಂದಿನಿಂದ ‘ಪೊಲೀಸ್ ಬಾಯಿ’ ಅನ್ನುತ್ತಿದ್ದೆವು.

ನಾನು ಅಲ್ಲಿ ಸೇರಿದ್ದು ಆರನೇ ತರಗತಿಗೆ. ಅದಕ್ಕೂ ಮುಂಚೆ ಮಸ್ಕತ್ತಿನಲ್ಲಿದ್ದೆವು, ಅಬ್ಬಾ ಅಲ್ಲಿ ಕ್ರೇನ್ ನಡೆಸುತ್ತಿದ್ದರು. ಅಮ್ಮಿ ನನ್ನನ್ನು ಕರೆದುಕೊಂಡು ಊರಿಗೆ ಬಂದುಬಿಟ್ಟರೂ ನಮ್ಮಿಬ್ಬರ ವೀಸಾ ಬಿಡಲು ಅಬ್ಬಾಗೆ ಮನಸ್ಸಿರಲಿಲ್ಲ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಹೋಗುತ್ತದೆ. ಹಾಗಾಗಿ ದಸರಾ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಮಸ್ಕತ್ತಿಗೆ ಹೋಗಿ ವೀಸಾ ಉಳಿಸಿಕೊಂಡು ಬರುತ್ತಿದ್ದೆವು. ಪಾಸ್‌ಪೋರ್ಟಿನ ತುಂಬ ಠಸ್ಸೆ. ಅದನ್ನು ಓಣಿಯ ಹುಡುಗಿಯರಿಗೆ ತೋರಿಸಿ ಮೆರೆದದ್ದೂ ಉಂಟು.

ಆ ಠಸ್ಸೆಗಳೇ ಮುಂದೆ ಕುತ್ತಿಗೆಗೆ ಬಂದವು. ಪಿಯುಸಿ ಮುಗಿದು ಪಶುವೈದ್ಯಕೀಯಕ್ಕೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಸರ್ಕಾರಿ ಶುಲ್ಕದ ಸೀಟು ಬೇಕೆಂದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ನನ್ನದು ಶಾಲೆಯಲ್ಲಿ ಐದು, ಕಾಲೇಜಿನಲ್ಲಿ ಎರಡು, ಸರಿಯಾಗಿ ಏಳು. ಮೊದಲು ಮಸ್ಕತ್ತಿನಲ್ಲಿ ಓದಿದವಳೆಂದು ಬೀದರಿನಲ್ಲಿ ದಾಖಲೆ ನೋಡುವ ಸಾಹೇಬರು ಪಾಸ್‌ಪೋರ್ಟ್ ಕೇಳಿ, ಹಾಳೆ ತಿರುವಿ, ಮುಖ ಗಂಟಿಕ್ಕಿದರು.

“ಸಾಲಿ ಕಲ್ತ ಐದೂ ವರ್ಷ ಅಲ್ಲಿ ನಿವಾಸಿ ವೀಸಾ ಅದ. ಹೋಗಿ ಬರೋದು ಬ್ಯಾರೆ. ಈಕಿ ಇಲ್ಲೇ ಇದ್ದಳಂತ ಹ್ಯಾಂಗ ನಂಬಬೇಕ್ರಿ? ಅನಿವಾಸಿ ಕೋಟಾದಾಗ ಕೇಳ್ರಿ.”

ಅಬ್ಬಾ ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಅನಿವಾಸಿ ಶುಲ್ಕವೆಂದರೆ ನನ್ನ ಓದು ಅಲ್ಲಿಗೇ ಮುಗಿದಂತೆ. ಪುರಾವೆ ತರಲು ಎರಡು ದಿನ ಕೊಟ್ಟರು. ನಾವು ಸೀದಾ ಶಾಲೆಗೆ ಓಡಿದೆವು.

“ಬಾಯೋರ, ಈಕಿ ಒಂದ ದಿನಾನೂ ಸಾಲಿ ತಪ್ಪಿಸಿಲ್ಲಂತ ಬರ್ದು ಕೊಡ್ರಿ,” ಅಬ್ಬಾ ಕೈಮುಗಿದರು.

“ಹ್ಯಾಂಗ ಬರೀಲ್ರಿ? ತಪ್ಪಿಸ್ಯಾಳ.”

ನನಗೆ ಮೈಯೆಲ್ಲ ಉರಿಯಿತು. ಮನೆ ಮುಳುಗುತ್ತಿರುವಾಗಲೂ ಈ ಹೆಂಗಸಿಗೆ ಇದೇ ಚಿಂತೆ! ಅವರು ನನ್ನ ಕಡೆ ನೋಡಲೂ ಇಲ್ಲ. ಸ್ಟೂಲು ಹತ್ತಿ ಕಪಾಟಿನ ಮೇಲಿನಿಂದ ಐದು ಹಾಜರಿ ಪುಸ್ತಕ ಇಳಿಸಿದರು, ದೂಳು ಹೊಡೆದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದರು. ಶಾಲೆಯ ದಾಖಲೆ ಹೊರಗೆ ಒಯ್ಯುತ್ತೇನೆಂದು ತಾವೇ ಅರ್ಜಿ ಬರೆದು ಮುಖ್ಯೋಪಾಧ್ಯಾಯಿನಿಯ ಸಹಿ ಹಾಕಿಸಿಕೊಂಡರು. “ನಾಳೆ ಮುಂಜಾನೆ ಬಸ್‌ಸ್ಟ್ಯಾಂಡಿಗಿ ಬರ್ರಿ. ನಾನೂ ಬರ್ತೀನಿ.” ಮರುದಿನ ಬಸ್ಸಿನಲ್ಲಿ ಅಬ್ಬಾ ಗಂಟು ಹಿಡಿದುಕೊಳ್ಳುತ್ತೇನೆಂದರೆ ಕೊಡಲೊಲ್ಲರು. ಅನುಮತಿ ಇರುವುದು ತಮ್ಮ ಹೆಸರಿಗಂತೆ!

ಸಾಹೇಬರ ಮೇಜಿನ ಮೇಲೆ ಅವರು ಪಾಸ್‌ಪೋರ್ಟನ್ನೂ ಹಾಜರಿ ಪುಸ್ತಕವನ್ನೂ ಅಕ್ಕಪಕ್ಕ ಬಿಚ್ಚಿಟ್ಟರು. ಒಂದೊಂದು ಠಸ್ಸೆಯ ತಾರೀಖಿಗೂ ಒಂದೊಂದು ಹಾಳೆ.

“ಇಲ್ಲಿ ಹ್ವಾದಳು, ದಸರಾ ಸೂಟಿ ಇತ್ತು. ಸಾಲಿ ಸುರು ಆದ ದಿನ ನೋಡ್ರಿ, ಹಾಜರ್ ಅದಾಳ. ವೀಸಾ ಅಂದ್ರ ಇರಬಹುದು ಅಂತ್ರೀ ಸಾಹೇಬ್ರ, ಇದ್ದಳು ಅಂತಲ್ಲ. ಎಲ್ಲಿ ಇದ್ದಳಂತ ನಾ ಬರ್ದೀನಿ.”

ಸಾಹೇಬರು ಒಂದು ಠಸ್ಸೆಯ ಮೇಲೆ ಬೆರಳಿಟ್ಟರು. “ಇದು ಆಗಸ್ಟ್ ಅದ. ಇದ್ಯಾವ ಸೂಟಿ?”

ಎಂಟನೆಯದರಲ್ಲಿದ್ದಾಗ ಅಬ್ಬಾಗೆ ಮೈ ಸರಿಯಿಲ್ಲವೆಂದು ನಾವು ಹೋಗಿದ್ದು. ಅಮ್ಮಿ ಎಷ್ಟು ಬೇಡಿಕೊಂಡರೂ ಬಾಯೋರು ಹಾಜರಿ ಹಾಕಿರಲಿಲ್ಲ.

“ಸೂಟಿ ಅಲ್ರಿ,” ಎಂದು ಬಾಯೋರು ಹಾಳೆ ತಿರುವಿದರು. “ಹನ್ನೊಂದ ದಿನ ಬಂದಿಲ್ಲ. ಹನ್ನೊಂದೂ ಕೆಂಪು ಹಾಕೀನಿ.”

ಸಾಹೇಬರು ಆ ಗುರುತುಗಳನ್ನು ಎಣಿಸಿದರು. ಠಸ್ಸೆಯ ತಾರೀಖಿಗೆ ತಾಳೆ ಹಾಕಿದರು. ಆಮೇಲೆ ಉಳಿದ ಪುಸ್ತಕ ಬಿಚ್ಚಲೇ ಇಲ್ಲ.

“ಸುಳ್ಳು ಬರೆಯೋರು ಇದನ್ನ ಮೊದಲ ಮುಚ್ಚಿ ಹಾಕ್ತಿದ್ರು ಬಿಡ್ರಿ,” ಎಂದು ನನ್ನ ಅರ್ಜಿಗೆ ಸಹಿ ಹಾಕಿದರು. ನಾನು ಅಲ್ಲೇ ಬಾಯೋರನ್ನು ತಬ್ಬಿಕೊಂಡೆ. “ಪುಸ್ತಕ ಮುದುಡ್ತಾವ, ಸರಿ ಅತ್ತಾಗ,” ಅಂದರು. ಅಂಥವರು ನಮ್ಮ ಶಾಲೆಯಲ್ಲಿದ್ದರೆಂದು ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಈಗ ನಾನು ಮಂಠಾಳದಲ್ಲಿ ದನದ ಡಾಕ್ಟರು. ಸಂಬಳವಾದ ಮೊದಲ ತಿಂಗಳು ಸೀರೆ ಒಯ್ದಿದ್ದೆ. ಮುಟ್ಟಿಯೂ ನೋಡಲಿಲ್ಲ. “ನೀ ಸಾಲಿಗಿ ಬಂದಿ, ನಾ ಬರ್ದೆ. ಇದರಾಗ ನಂದೇನದ?” ಎಂದು ಚಹಾ ಕುಡಿಸಿ ಕಳಿಸಿದರು.

ಹೋದ ವರ್ಷ ಬಾಯೋರು ತೀರಿಕೊಂಡರೆಂದು ಸುದ್ದಿ ಬಂದಾಗ ಕೆಲಸ ಬಿಟ್ಟು ಬಸವಕಲ್ಯಾಣಕ್ಕೆ ಓಡಿದೆ. ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆನ್ನು ಆಗಲೂ ನೆಟ್ಟಗಿತ್ತು. ಬುರ್ಖಾದಲ್ಲಿ ಬಿಕ್ಕುತ್ತಿದ್ದ ನನ್ನನ್ನು ನೋಡಿ ಬಾಗಿಲ ಬಳಿಯ ಮುದುಕಿಯೊಬ್ಬರು ಕೇಳಿದರು, “ನೀ ಎಲ್ಲಿಯಾಕಿ ಯವ್ವಾ?”

“ಇಲ್ಲಿಯಾಕಿನೇ ಅದೀನ್ರಿ, ಹುಮನಾಬಾದಿನಾಕಿ,” ಎಂದೆ. ಅದನ್ನು ಸಾಬೀತು ಮಾಡಿಕೊಟ್ಟವರು ಎದುರಿಗೇ ಕೂತಿದ್ದರು.