ವಿಲೆ ಪಾರ್ಲೆಯಲ್ಲಿ ಕೆಳಗಿಳಿದ ಬ್ಯಾನರ್

ವಿಲೆ ಪಾರ್ಲೆ ಸ್ಟೇಷನ್ ಹೊರಗಿನ ಶೆಟ್ಟರ ಹೋಟೆಲಿನಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿದೆ. ಆಗಲಿ, ನೋಡುವಂಥದ್ದನ್ನು ನೋಡಿದೆ.

ಹೋಟೆಲಿನ ಮುಂದಿನ ಬಸ್ ಸ್ಟಾಪನ್ನು ಯಾವನೋ ಪುಢಾರಿಯ ಹುಟ್ಟುಹಬ್ಬದ ಬ್ಯಾನರ್ ಪೂರ್ತಿ ಮುಚ್ಚಿಬಿಟ್ಟಿತ್ತು. ಹಿಂದೆ ನಿಂತವರು ಕಾಣದೆ ಬಸ್ಸುಗಳು ನಿಲ್ಲದೇ ಹೋಗುತ್ತಿದ್ದವು. ಅದನ್ನು ಕಿತ್ತುಹಾಕಲು ಪಾಲಿಕೆಯ ಲಾರಿ ಬಂತು. ಪುಢಾರಿಯ ಚೇಲಾಗಳು ಏಣಿಗೆ ಅಡ್ಡ ನಿಂತು ಮೊದಲು ಶೆಟ್ಟರ ಬೋರ್ಡು ತೆಗೆಯಿರಿ ಎಂದು ಹೋಟೆಲಿನತ್ತ ಕೈ ತೋರಿಸಿದರು: "ಪಹಲೇ ಇಸ್‌ಕಾ ಬೋರ್ಡ್ ನಿಕಾಲೋ!"

ಫುಟ್‌ಪಾತಿನ ಮೇಲಿದ್ದ ಶೆಟ್ಟರ ಬೋರ್ಡಿಗೂ ಪರವಾನಗಿ ಇರಲಿಲ್ಲ. ಪಾಲಿಕೆಯವರು ಮುಖ ಮುಖ ನೋಡಿಕೊಂಡರು.

ಶೆಟ್ಟರು ಗಲ್ಲಾ ಬಿಟ್ಟು ಎದ್ದರು. ತಮ್ಮ ಬೋರ್ಡನ್ನು ತಾವೇ ಹೊತ್ತು ತಂದು ಲಾರಿಗೆ ಎಸೆದರು. "ಹಮಾರಾ ಹೋ ಗಯಾ. ಅಬ್ ಉನ್‌ಕಾ ನಿಕಾಲೋ!" ನಮ್ಮದಾಯ್ತು, ಇನ್ನು ಅವರದ್ದು ತೆಗೆಯಿರಿ ಎಂದರು.

ಚೇಲಾಗಳು ಏಣಿ ಬಿಟ್ಟು ಪಕ್ಕಕ್ಕೆ ಸರಿದರು. ಬ್ಯಾನರ್ ಚರ್ರನೆ ಹರಿದು ಕೆಳಗೆ ಬಿತ್ತು. ಸ್ಟಾಪಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಮುಂದಿನ ಬಸ್ಸು ಬಂದು ನಿಂತೇಬಿಟ್ಟಿತು.

"ನಿಮ್ಮ ಬೋರ್ಡೂ ಹೋಯ್ತಲ್ಲ ಶೆಟ್ರೇ?" ಎಂದೆ.

ಬಸ್ಸಿನಿಂದ ಇಳಿಯುತ್ತಿದ್ದವರತ್ತ ಅವರು ಕೈ ಬೀಸಿ ಕರೆಯುತ್ತಿದ್ದರು. "ಬೋರ್ಡು ಎಂತಕ್ಕೆ ಮಾರಾಯ್ರೆ? ಬಸ್ಸೇ ನಮ್ಮ ಬಾಗಿಲಿಗೆ ಬಂತಲ್ಲ!"