ಔರಾದ ಅಲ್ಮಾರಿಗೆ ಬೀಗ

ಬೀದರಕ್ಕೆ ಹತ್ತಿದ ನೌಬಾದದ ಆ ಕಚೇರಿಯಲ್ಲಿ ಕರುಣಾ ಎಂದರೆ ಎಲ್ಲರಿಗೂ ಒಂದು ಅಳುಕು. ಆಕೆ ಬೈಯುವವಳಲ್ಲ, ಕೂಗಾಡುವವಳಂತೂ ಅಲ್ಲವೇ ಅಲ್ಲ. "ಯಾಕ ಬೇಕ್ರಿ?" ಎಂದು ಒಂದೇ ಮಾತು ಕೇಳುತ್ತಾಳೆ. ಅದಕ್ಕೆ ಸರಿಯಾದ ಉತ್ತರ ಇಲ್ಲದವನು ಎಷ್ಟೇ ದೊಡ್ಡ ಸಾಹೇಬನಾಗಿರಲಿ, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಡಬೇಕು. ಮೊದಲಿನಿಂದ ಆಕೆ ಹೀಗಿರಲಿಲ್ಲ. ಹೀಗಾದದ್ದು ಒಂದು ತಪ್ಪಿನಿಂದ, ಮತ್ತು ಆ ತಪ್ಪು ಬೇರೆ ಯಾರದೂ ಅಲ್ಲ, ಆಕೆಯದೇ.

ಹಲಬರ್ಗಾದ ಹುಡುಗಿ, ಭಾಲ್ಕಿಯಲ್ಲಿ ಬಿಸಿಎ ಓದಿದವಳು. ಕೆಲಸ ಸಿಕ್ಕ ಮೇಲೆ ತಾಯಿ ಕೇಶರಬಾಯಿ, ತಮ್ಮ ವಿಶ್ವಾಸ ಇಬ್ಬರನ್ನೂ ಕರೆದುಕೊಂಡು ನೌಬಾದದಲ್ಲಿ ಮನೆ ಮಾಡಿದಳು. ಆಕೆಯ ಸಂಸ್ಥೆಯದು ಕ್ಷಯರೋಗಿಗಳ ಮನೆಬಾಗಿಲಿಗೆ ಮಾತ್ರೆ ಮುಟ್ಟಿಸಿ, ಆರು ತಿಂಗಳು ಒಂದು ದಿನವೂ ತಪ್ಪದಂತೆ ನುಂಗಿಸುವ ಕೆಲಸ. ಭಾಲ್ಕಿ, ಔರಾದ ತಾಲ್ಲೂಕುಗಳ ಕಾರ್ಯಕರ್ತೆಯರು ಮೊಬೈಲಿನಲ್ಲಿ ತುಂಬಿದ್ದೆಲ್ಲ ಬೀದರದ ಸರ್ವರ್ ಕಂಪ್ಯೂಟರಿಗೆ ಬರುತ್ತದೆ. ಯಾರು ಎಷ್ಟು ನುಂಗಿದರು, ಯಾರು ಬಿಟ್ಟರು ಎಂದು ಆ ಸರ್ವರ್ ಪಟ್ಟಿ ಮಾಡಿ, ನಕ್ಷೆ ಬರೆದು ತೋರಿಸುತ್ತದೆ. ಒಂದೊಂದು ತಾಲ್ಲೂಕಿನ ಪಟ್ಟಿಗಳನ್ನು ಒಂದೊಂದು ಕಡೆ ಕೂಡಿಸಿಟ್ಟಿದ್ದರು. ಆ ಜಾಗಕ್ಕೆ ಕಚೇರಿಯವರು ಇಟ್ಟ ಹೆಸರು ಅಲ್ಮಾರಿ. ಯಾವ ಅಲ್ಮಾರಿ ಯಾರಿಗೆ ತೆರೆಯಬೇಕು, ಯಾರು ಬರೀ ನೋಡಬೇಕು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು ಕರುಣಾಳ ಕೆಲಸ.

ಗೊತ್ತುಮಾಡುವುದೇನು ಬಂತು, ಮಣ್ಣು! ಎಲ್ಲ ಅಲ್ಮಾರಿಯೂ ಎಲ್ಲರಿಗೂ ತೆರೆದೇ ಇತ್ತು. ಕಚೇರಿಯ ಮುಖ್ಯಸ್ಥ ನರಸಿಂಗ ಸಾಹೇಬರು ದೊಡ್ಡ ಮನಸ್ಸಿನ ಮನುಷ್ಯ. ಹಿಂದೊಮ್ಮೆ ಔರಾದ ಅಲ್ಮಾರಿ ತಮಗೆ ಕಾಣದಂತೆ ಮಾಡಿದ್ದಕ್ಕೆ ಭಾಲ್ಕಿ ಕಚೇರಿಯವರು ಮುನಿಸಿಕೊಂಡು ಸಭೆಯಲ್ಲಿ ಚಹಾ ಸಹ ಮುಟ್ಟಿರಲಿಲ್ಲವಂತೆ. "ಮನಿಗಿ ಬಂದವರಿಗಿ ಬಾಗಲದಾಗ ನಿಂದ್ರಸ್ತಾರೇನ್ರಿ?" ಎಂದು ಸಾಹೇಬರು ಅವತ್ತೇ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಎಲ್ಲವನ್ನೂ ತೆರೆಸಿಬಿಟ್ಟರು. ಭಾಲ್ಕಿಯವರು ಚಹಾ ಕುಡಿದರು, ಸಿಟ್ಟು ಇಳಿಯಿತು. ರೋಗಿಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗೆ ತೆರೆದ ಅಲ್ಮಾರಿಗೆ ಇನ್ನೊಂದು ಉಪಯೋಗ ಹುಟ್ಟಿಕೊಂಡಿತು. ಹೆಣ್ಣೋ ಗಂಡೋ ನೋಡುವ ಮೊದಲು ನಾಲ್ಕು ಕಡೆ ವಿಚಾರಿಸುವುದು ನಮ್ಮ ಕಡೆಯ ರೂಢಿ. ಭಾಲ್ಕಿ ಕಚೇರಿಯ ಸುಮಿತ ತನ್ನ ಕಾಕಾನ ಮಗನಿಗೆ ಹೆಣ್ಣು ನೋಡುವಾಗ, ಹುಡುಗಿಯ ಹೆಸರು ರೋಗಿಗಳ ಪಟ್ಟಿಯಲ್ಲಿದೆಯೇ ಎಂದು ಅಲ್ಮಾರಿ ನೋಡಿದ. ಜೀಪು ಓಡಿಸುವ ಸುಭಾನ ತಂಗಿಗೆ ಗಂಡು ನೋಡುವಾಗ ನೋಡಿದ. "ಅಲ್ಮಾರಿ ನೋಡಿದ್ರೇನು?" ಎಂಬುದು ಕಚೇರಿಯಲ್ಲಿ ನಗೆಯ ಮಾತಾಯಿತು. ಕರುಣಾ ಕೂಡ ನಕ್ಕಿದ್ದಳು.

ಹೋದ ಚಳಿಗಾಲದಲ್ಲಿ ವಿಶ್ವಾಸನಿಗೆ ಔರಾದದಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಮಹಾಮಾಯಾ, ಬಿಎಡ್ ಓದುತ್ತಿದ್ದಳು. ಫೋಟೋ ನೋಡಿ ವಿಶ್ವಾಸ ಒಪ್ಪಿದ. ಎರಡೂ ಕಡೆಯ ಹಿರಿಯರು ಫೋನಿನಲ್ಲಿ ಜೈ ಭೀಮ್ ಹೇಳಿ ಮಾತು ಮುಂದುವರಿಸಿದರು. ಹೆಣ್ಣು ನೋಡಲು ಹೋಗುವ ದಿನವೂ ಗೊತ್ತಾಯಿತು.

"ನಿನ್ನ ಕಂಪ್ಯೂಟರನ್ಯಾಗ ಔರಾದ ಅದಲ್ಲಾ, ಒಂದ್ಸಲ ನೋಡಿಬಿಡು" ಎಂದಳು ಕೇಶರಬಾಯಿ.

ಕರುಣಾ ನೋಡಿದಳು. ಹೆಸರು ಇತ್ತು. ಎರಡನೇ ತಿಂಗಳ ಮಾತ್ರೆ ನಡೆದಿತ್ತು.

ರೋಗದ ಮಾತು ಆಕೆ ಎತ್ತಲಿಲ್ಲ, ಅದೊಂದು ಸಮಾಧಾನ ಮಾಡಿಕೊಂಡಳು. "ಈ ಸಂಬಂಧ ಬ್ಯಾಡವ್ವಾ" ಎಂದಳು, ಅಷ್ಟೇ. ಆದರೆ ಕ್ಷಯದ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಬೇಡ ಎಂದರೆ ಏನರ್ಥ ಎಂದು ತಿಳಿಯದಷ್ಟು ಕೇಶರಬಾಯಿ ದಡ್ಡಳೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಭಾಲ್ಕಿಯ ತಂಗಿಗೆ ಹೇಳಿದಳು, ತಂಗಿ ಬೀಗರಿಗೆ ಹೇಳಿದಳು. ವಾರ ತುಂಬುವುದರೊಳಗೆ ಸುದ್ದಿ ಔರಾದ ಮುಟ್ಟಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಔರಾದದ ಕಾರ್ಯಕರ್ತೆ ಮುನ್ನಿಬೀ ಬಸ್ಸಿಳಿದು ನೇರ ಕರುಣಾಳ ಮೇಜಿಗೆ ಬಂದಳು. ಐವತ್ತು ದಾಟಿದ ಹೆಂಗಸು, ಬುರ್ಖಾದ ಮೇಲೆ ಸಂಸ್ಥೆಯ ಗುರುತಿನ ಚೀಟಿ. ಚೀಲದಿಂದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಸುರಿದಳು. ಒಂದನ್ನೂ ಒಡೆದಿರಲಿಲ್ಲ.

"ಹದಿನೈದು ದಿನ ಆತು ಬೇಟಿ, ಮಹಾಮಾಯಾ ಮಾತ್ರಿ ನುಂಗಿಲ್ಲ. ಓದೂ ಬಿಟ್ಟಾಳ. 'ನಾ ನುಂಗಿದ್ದು ನಿಮ್ಮ ಕಂಪ್ಯೂಟರ್ ಊರಿಗೆಲ್ಲಾ ಸಾರ್ತದ, ನನ್ನ ಹೆಸರ ಮುಚ್ರಿ ಆಮ್ಯಾಲ ಮಾತ್ರಿ ತರ್ರಿ' ಅಂತಾಳ. ನಾಲ್ಕನೇ ತಿಂಗಳದಾಗ ಬಿಟ್ರ ರೋಗ ತಿರುಗಿ ಬಿದ್ದು ಮಾತ್ರಿಗೂ ಬಗ್ಗಂಗಿಲ್ಲ, ನಿನಗ ಗೊತ್ತದ. ಯಾರು ಹಚ್ಚಿದ್ರೋ ಈ ಬೆಂಕಿ, ಅವರ ಕೈ ಸೇದಿಹೋಗಲಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರುಣಾ ತನ್ನೆರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ನಾಚಿಕೆಯಿಂದ ಕಿವಿ ಸುಟ್ಟವು. ಆ ಹೆಸರನ್ನು ಹೊಡೆದು ಹುಡುಕಿದ ಬೆರಳುಗಳು ಇವೇ.

"ಆಪಾ, ಎಂಟು ದಿನ ಕೊಡ್ರಿ. ಮುಚ್ತೇನಿ."

"ನಾಲ್ಕು ದಿನ ಕೊಡ್ತೇನಿ. ರೋಗಕ್ಕ ನಿನ್ನ ಎಂಟು ದಿನ ತಿಳಿಯಂಗಿಲ್ಲ."

ಅಂದೇ ಕರುಣಾ ಕೂತಳು. ಯಾರಿಗೆ ಏನು ಬೇಕು ಎಂದು ಹಾಳೆಯ ಮೇಲೆ ಬರೆದಳು. ನರಸಿಂಗ ಸಾಹೇಬರಿಗೆ ಬೇಕಾದದ್ದು ಸಂಖ್ಯೆ, ಹೆಸರಲ್ಲ. ಭಾಲ್ಕಿಯವರಿಗೆ ಭಾಲ್ಕಿ ಸಾಕು. ಔರಾದದ ಹೆಸರುಗಳು ಬೇಕಾದದ್ದು ಇಬ್ಬರಿಗೆ, ಮಾತ್ರೆ ಬರೆಯುವ ಡಾಕ್ಟರಿಗೆ ಮತ್ತು ಮಾತ್ರೆ ಒಯ್ಯುವ ಮುನ್ನಿಬೀಗೆ. ಅದರಂತೆ ಗುಂಪು ಮಾಡಿದಳು, ಒಬ್ಬೊಬ್ಬರ ಹೆಸರಿನ ಮುಂದೆಯೂ ಬೇಡವಾದದ್ದನ್ನು ಮುಚ್ಚಿದಳು. ಮುಚ್ಚಿ ಭಾಲ್ಕಿಯ ಸುಮಿತನಿಗೆ ಫೋನು ಹಚ್ಚಿ, ಔರಾದ ಅಲ್ಮಾರಿ ತೆರೆದು ನೋಡು ಎಂದಳು.

"ತೆರೀತು ಅಕ್ಕಾ" ಎಂದ ಸುಮಿತ.

ಎರಡನೇ ದಿನವೆಲ್ಲ ತಡಕಾಡಿದಳು. ಮುಚ್ಚಿದ್ದಳು, ಆದರೂ ತೆರೆಯುತ್ತಿತ್ತು. ಇದೇನು ದೆವ್ವದ ಕಾಟವೋ! ಮೂರನೇ ದಿನ ಮಧ್ಯಾಹ್ನ ಕಣ್ಣಿಗೆ ಬಿತ್ತು. ಗುಂಪುಗಳ ಪಟ್ಟಿಯ ತಲೆಯಲ್ಲೇ "ಎಲ್ಲರೂ" ಎಂಬ ಗುಂಪೊಂದು ಕೂತಿತ್ತು. ಸರ್ವರಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಎರಡು ಗುಂಪಿನಲ್ಲಿದ್ದರೆ, ಹೆಚ್ಚು ಕೊಡುವ ಗುಂಪಿನದೇ ನಡೆಯುತ್ತದೆ. ಆಕೆ ಸುಮಿತನಿಗೆ ಹಾಕಿದ ಬೀಗವನ್ನು "ಎಲ್ಲರೂ" ತೆರೆದುಕೊಡುತ್ತಿತ್ತು. ನರಸಿಂಗ ಸಾಹೇಬರು ಅಂದು ಭಾಲ್ಕಿಯವರಿಗೆ ಮಾಡಿದ ಮರ್ಯಾದೆ ಅದು. ಕರುಣಾ ಆ ಗುಂಪಿನ ಎಲ್ಲ ಅಧಿಕಾರವನ್ನೂ ಕಿತ್ತುಹಾಕಿದಳು.

ಹತ್ತೇ ನಿಮಿಷದಲ್ಲಿ, ಹೆಸರುಗಳು ಕಾಣದಾದ ಸಾಹೇಬರು ಆಕೆಯನ್ನು ತಮ್ಮ ಕೋಣೆಗೆ ಕರೆಸಿದರು.

"ಏನವಾ, ನಾ ಏನ್ ಕಳ್ಳನಾ? ಹದಿನೆಂಟು ವರ್ಷ ಆತು ಇಲ್ಲಿ ಕುಂತು."

"ನೀವು ಕಳ್ಳರಲ್ಲರಿ ಸರ್. ಹೆಸರು ಯಾಕ ಬೇಕು ಹೇಳ್ರಿ, ಈಗೇ ತೆಗೀತೇನಿ."

ಸಾಹೇಬರು ಯೋಚಿಸಿದರು. ಯಾಕೆ ಬೇಕೆಂದು ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. "ಎಲ್ಲರಿಗಿ ಹೊರಗ ಹಾಕಿ ನೀ ಒಬ್ಬಾಕಿ ಒಳಗ ಕುಂತಿದಿ. ಇದಕ್ಕ ಬೀಗ ಅಂತಾರೇನು?"

ಸಿಟ್ಟಿನಲ್ಲಿ ಬಂದ ಮಾತಾದರೂ ನಿಜವಿತ್ತು. ಕರುಣಾಳಿಗೆ ಅದು ನೆಟ್ಟಗೆ ತಾಕಿತು. ನಿಂತಲ್ಲೇ ಹೇಳಿಬಿಟ್ಟಳು.

"ಖರೇ ಅದರಿ ಸರ್. ಆ ಹುಡುಗಿ ಸುದ್ದಿ ಹೊರಗ ಹೋಗಿದ್ದು ನನ್ನಿಂದನೇ. ನಮ್ಮ ತಮ್ಮಗ ನೋಡಿದ್ದ ಹೆಣ್ಣು ಆಕಿ. ಅದಕ್ಕ ನನ್ನದೂ ತೆಗೀತೇನಿ. ಸರ್ವರಿನ ದೊಡ್ಡ ಲಾಗಿನ್ನಿನ ಓಟಿಪಿ ಇನ್ಮ್ಯಾಲ ಮುನ್ನಿಬೀ ಆಪಾನ ಫೋನಿಗಿ ಹೋಗ್ತದ. ನಾ ಏನರ ಬದಲಿ ಮಾಡಬೇಕಂದ್ರ ಆಕಿಗಿ ಕಾರಣ ಹೇಳಿ ಕೇಳಬೇಕು. ನೀವು ಸಹಿ ಹಾಕ್ರಿ."

ಸಾಹೇಬರು ಆಕೆಯ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು. ಮತ್ತೆ ಇಬ್ಬರಿಗೂ ಚಹಾ ತರಿಸಿದರು.

ನಾಲ್ಕನೇ ದಿನ ಕರುಣಾ ಔರಾದದ ಬಸ್ಸು ಹತ್ತಿದಳು. ಮುನ್ನಿಬೀ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು, ಹುಡುಗಿಯ ಮನೆಗೆ ಕರೆದೊಯ್ದಳು. ಮಹಾಮಾಯಾ ಕಟ್ಟೆಯ ಮೇಲೆ ಕೂತಿದ್ದಳು, ಫೋಟೋದಲ್ಲಿದ್ದುದಕ್ಕಿಂತ ತೆಳ್ಳಗಾಗಿದ್ದಳು. ಕರುಣಾ ತನ್ನ ಫೋನಿನಲ್ಲಿ ತನ್ನದೇ ಲಾಗಿನ್ ತೆರೆದು ಆಕೆಯ ಕೈಗೆ ಕೊಟ್ಟಳು.

"ನಿಮ್ಮ ಹೆಸರು ಹೊಡೀರಿ."

ಮಹಾಮಾಯಾ ಹೊಡೆದಳು. ಅನುಮತಿ ಇಲ್ಲ ಎಂದು ಬಂತು. ತಂದೆಯ ಹೆಸರಿನಿಂದ ಹುಡುಕಿದಳು, ಓಣಿಯ ಹೆಸರು ಹಾಕಿದಳು. ಯಾವುದಕ್ಕೂ ಅನುಮತಿ ಇರಲಿಲ್ಲ.

"ನಿಮಗೂ ಇಲ್ಲೇನ್ರಿ?"

"ಇಲ್ಲರಿ. ನಂದೂ ತೆಗದೀನಿ."

"ಯಾಕ?"

"ನಾ ವಿಶ್ವಾಸನ ಅಕ್ಕ. ನಿಮ್ಮ ಹೆಸರು ನೋಡಿ ಮನ್ಯಾಗ ಬ್ಯಾಡ ಅಂದಾಕಿ ನಾನೇ."

"ಯಾ ಅಲ್ಲಾ!" ಎಂದು ಮುನ್ನಿಬೀ ಹಣೆ ಬಡಿದುಕೊಂಡಳು. ತಾನು ಹಾಕಿದ ಶಾಪ ನೆನಪಾಗಿರಬೇಕು. ಮಹಾಮಾಯಾ ಫೋನನ್ನು ಕಟ್ಟೆಯ ಮೇಲಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಾ ನಿಮಗ ಮಾಫ್ ಮಾಡಂಗಿಲ್ಲ."

"ಮಾಡಬ್ಯಾಡ್ರಿ. ಮಾತ್ರಿ ನುಂಗ್ರಿ, ಅಷ್ಟೇ ಸಾಕು."

ಮಹಾಮಾಯಾ ಮುನ್ನಿಬೀಯ ಮುಂದೆ ಕೈಚಾಚಿ ಮಾತ್ರೆ ಇಸಿದುಕೊಂಡಳು. ಕರುಣಾಳ ಕಡೆ ತಿರುಗಿ, "ಒಳಗ ಹೋಗಿ ನೀರು ತರ್ರಿ" ಎಂದಳು. ಕರುಣಾ ಓಡಿದಳು. ತಂದ ನೀರಿನಲ್ಲಿ ಹುಡುಗಿ ನುಂಗಿದಳು. "ಐತಾರಕ್ಕೊಮ್ಮಿ ನೀವೇ ಬಂದು ಹೀಂಗೇ ನೀರು ಕೊಡಬೇಕು, ನಾ ಮರೀಬಾರದು, ನೀವೂ ಮರೀಬಾರದು" ಎಂದಳು.

ಹತ್ತು ಭಾನುವಾರ ಕರುಣಾ ಹೋದಳು. ನಡುವೆ ಕೇಶರಬಾಯಿ ವಿಶ್ವಾಸನಿಗೆ ಇನ್ನೊಂದು ಹೆಣ್ಣಿನ ಫೋಟೋ ಹಿಡಿದು ಬಂದಾಗ, "ಅಲ್ಮಾರಿ ಯಾಕ ನೋಡಬೇಕು ಅಂತ ಮುನ್ನಿಬೀಗಿ ಹೇಳು" ಎಂದು ಆಕೆಯ ಕೈಗೆ ಫೋನು ಕೊಟ್ಟಳು. ತಾಯಿ ಎರಡು ದಿನ ಮಾತು ಬಿಟ್ಟಳು.

ಮಹಾಮಾಯಾಳ ಮಾತ್ರೆ ಮುಗಿದವು, ಕೊನೆಯ ತಪಾಸಣೆಯೂ ಆಯಿತು. ಅದರ ಮರುದಿನ ಕಚೇರಿಯಲ್ಲಿ ಕೂತು ಕರುಣಾ ಔರಾದದ ಗುಣವಾದವರ ಸಂಖ್ಯೆ ತೆರೆದಳು. ಹಿಂದಿನ ದಿನಕ್ಕಿಂತ ಒಂದು ಹೆಚ್ಚಾಗಿತ್ತು. ಯಾರು? ಆಕೆಗೆ ಕಾಣುವುದಿಲ್ಲ, ಕಾಣಬಾರದೆಂದು ಆಕೆಯೇ ಮಾಡಿದ್ದು. ಮುನ್ನಿಬೀಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಪರದೆ ಮುಚ್ಚಿ ಭಾಲ್ಕಿಯ ಲೆಕ್ಕ ಎತ್ತಿಕೊಂಡಳು.

ಮಧ್ಯಾಹ್ನ ಫೋನು ಬಂತು. ಔರಾದದ್ದು.

"ನಾ ಮಹಾಮಾಯಾ. ನಿಮಗ ನೋಡ್ಲಾಕ್ ಬರಂಗಿಲ್ಲಲ್ಲ, ಅದಕ್ಕ ನಾನೇ ಹೇಳ್ತೀನಿ. ನನಗ ಗುಣ ಆಗ್ಯಾದ್ರಿ ಅಕ್ಕಾ."