ಶೆಟ್ಟರ ನಂತರ ತಂಡ ಯಾರಿಗೆ?

ಅರವತ್ತರ ದಶಕದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಸೋಲುವುದನ್ನೇ ಮರೆತಿತ್ತು. ಅದನ್ನು ಬೆಳೆಸಿದ ಶೆಟ್ಟರು ನಿವೃತ್ತರಾಗುತ್ತಾರೆಂದು ಗೊತ್ತಾದದ್ದೇ ತಡ, ಪ್ರಿನ್ಸಿಪಾಲರು ನನ್ನನ್ನು ಕರೆದು, "ಇನ್ನು ತಂಡ ನಿಮಗೆ" ಎಂದರು. ಚೆಂಡಿಗೆ ಒಮ್ಮೆಯೂ ಒದೆಯದ ಚರಿತ್ರೆಯ ಉಪನ್ಯಾಸಕ ನಾನು! ಇನ್ನೊಂದು ವರ್ಷವಾದರೂ ನಿಲ್ಲಿ ಎಂದು ಬೇಡಲು ಹಿರಿಯಡ್ಕದ ಅವರ ಮನೆಗೆ ಓಡಿದೆ. ಬಾಗಿಲಲ್ಲಿ ಸಿಕ್ಕಿದ್ದು ಅವರ ಅಕ್ಕ.

"ತಮ್ಮನಿಗೆ ಗಂಟುನೋವು, ಇನ್ನು ಆಗುವುದಿಲ್ಲ. ನೀವು ಎಂತಕ್ಕೆ ಬೆವರುವುದು ಮಾರಾಯ್ರೆ? ಅಳಿಯಕಟ್ಟಿನ ಮನೆ ನಮ್ಮದು. ಮಾವನದ್ದೆಲ್ಲ ಅಳಿಯನಿಗೆ, ಅಂದರೆ ನನ್ನ ಮಗನಿಗೆ."

"ಗದ್ದೆ, ತೋಟ ಸರಿ ಅಕ್ಕ. ಫುಟ್‌ಬಾಲೂ ಉಂಟಾ?"

"ಮತ್ತೆ? ಕಾಪುವಿನ ಶಾಲೆಯಲ್ಲಿ ಅವನು ಮಕ್ಕಳಿಗೆ ಆಡಿಸುವುದು ಎಂತ, ಲಗೋರಿಯಾ?"

ಅವನ ಹೆಸರು ಹೇಳಿದೊಡನೆ ಪ್ರಿನ್ಸಿಪಾಲರೂ ಒಪ್ಪಿದರು. ತರಗತಿಯಲ್ಲಿ ಅಳಿಯಸಂತಾನವನ್ನು ಕಾಲ ಮುಗಿದ ಪದ್ಧತಿ ಎಂದು ಬೋಧಿಸುತ್ತಿದ್ದ ನಾನು ಅಂದು ಅದಕ್ಕೆ ಮನಸಾರೆ ಕೈಮುಗಿದೆ. ನನಗೆ ನನ್ನ ಸೋದರಮಾವನಿಂದ ಬಂದದ್ದು ಮಾತ್ರ ಬರೀ ಬೋಳುತಲೆ.